ಹೋಂಸ್ಟೇಗೆ ಒಂದೇ ಎಬಿಸಿ ಸಿಲಿಂಡರ್ ಸಾಕೇ?

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಒಂದಿದ್ದರೆ ಎಲ್ಲ ಬಗೆಯ ಬೆಂಕಿಗೂ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಆದರೆ ನಿಮ್ಮ ಅಡುಗೆಮನೆಯ ಬಾಣಲೆಗೆ ಆ ಮಾತು ಒಪ್ಪುವುದಿಲ್ಲ, ಮತ್ತು ನನಗೆ ಹೆಚ್ಚು ಭಯವಿರುವುದೂ ಅಲ್ಲೇ.

ಮೊದಲು ಆ ಅಕ್ಷರಗಳನ್ನು ನೋಡೋಣ. ಎ ಎಂದರೆ ಸೌದೆ, ಬಟ್ಟೆ, ಕಾಗದ, ಗೋಣಿಚೀಲದಂತೆ ಉರಿದು ಕೆಂಡವಾಗುವ ವಸ್ತುಗಳು. ಬಿ ಎಂದರೆ ಪೆಟ್ರೋಲ್, ಡೀಸೆಲ್, ಪೇಂಟ್. ಸಿ ಎಂದರೆ ಅನಿಲ. ಸಿ ಎಂದರೆ ವಿದ್ಯುತ್ ಬೆಂಕಿ ಎಂದು ಎಲ್ಲಾದರೂ ಓದಿದ್ದರೆ ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ ವಿದ್ಯುತ್ತಿಗೆಂದು ಬೇರೆ ಅಕ್ಷರವಿಲ್ಲ. ಎಬಿಸಿ ಪೌಡರಿನಲ್ಲಿರುವುದು ಮುಖ್ಯವಾಗಿ ಮೋನೋ ಅಮೋನಿಯಂ ಫಾಸ್ಫೇಟ್. ಅದು ಜ್ವಾಲೆಯನ್ನು ತಡೆಯುತ್ತದೆ, ಬಿಸಿಗೆ ಕರಗಿ ಕೆಂಡದ ಮೇಲೆ ಪದರವಾಗಿ ಕೂರುತ್ತದೆ. ಆದರೆ ತಂಪು ಮಾಡುವ ಶಕ್ತಿ ಅದಕ್ಕೆ ಕಡಿಮೆ. ಕಾಫಿ ಮೂಟೆಗಳ ಅಟ್ಟಿಗೆ ಕಿಡಿ ಬಿದ್ದರೆ ಪೌಡರ್ ಹೊಡೆದ ಮೇಲೆ ಮೂಟೆಗಳನ್ನು ಬಿಡಿಸಿ ನೀರು ಹಾಕಲೇಬೇಕು. ಒಳಗಿನ ಕೆಂಡ ಗಂಟೆಗಳ ನಂತರವೂ ಏಳುತ್ತದೆ.

ಕಾದ ಎಣ್ಣೆಯ ಕಥೆ ಬೇರೆ. ಎಣ್ಣೆ ತಾನಾಗಿ ಹೊತ್ತಿಕೊಳ್ಳುವಷ್ಟು ಕಾದಿತೆಂದರೆ 300 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದಕ್ಕೆ ನೀರೆರಚಿದರೆ ನೀರು ಎಣ್ಣೆಯ ತಳಕ್ಕಿಳಿದು, ಕ್ಷಣದಲ್ಲಿ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಚಾವಣಿಗೆ ಚಿಮ್ಮಿಸುತ್ತದೆ. ಪೌಡರನ್ನು ಹತ್ತಿರದಿಂದ ಹೊಡೆದರೆ ಅದರ ರಭಸಕ್ಕೇ ಎಣ್ಣೆ ಹಾರಬಹುದು. ಉರಿ ಆರಿದರೂ ಎಣ್ಣೆಯ ಬಿಸಿ ಇಳಿಯದೆ ಮತ್ತೆ ಹೊತ್ತಿಕೊಳ್ಳಬಹುದು. ಕೈಗೆಟುಕಿದರೆ ಒಲೆ ಆರಿಸಿ. ಬಾಣಲೆಗಿಂತ ಅಗಲವಾದ ಲೋಹದ ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ. ಎಣ್ಣೆ ಪೂರ್ತಿ ತಣ್ಣಗಾಗುವವರೆಗೆ ತೆಗೆದು ನೋಡಬೇಡಿ. ಉರಿಯುವ ಬಾಣಲೆಯನ್ನು ಹಿತ್ತಲಿಗೆ ಎತ್ತಿಕೊಂಡು ಓಡುವುದಂತೂ ಬೇಡವೇ ಬೇಡ. ಇಪ್ಪತ್ತು ಮೂವತ್ತು ಜನರಿಗೆ ದಿನವೂ ಕರಿಯುವ ಅಡುಗೆಮನೆಯಾದರೆ ಕೆ ಅಥವಾ ಎಫ್ ಎಂಬ ಗುರುತಿರುವ ವೆಟ್ ಕೆಮಿಕಲ್ ಸಿಲಿಂಡರ್ ಕೊಳ್ಳಿ. ಅದರಲ್ಲಿರುವ ಪೊಟ್ಯಾಸಿಯಂ ಲವಣದ ದ್ರಾವಣ ಎಣ್ಣೆಯೊಡನೆ ಸೇರಿ ಸೋಪಿನ ನೊರೆಯಂತೆ ಮೇಲೆ ಹರಡುತ್ತದೆ, ಎಣ್ಣೆಯನ್ನು ತಣಿಸುತ್ತದೆ ಕೂಡ.

ಗ್ಯಾಸ್ ಸೋರಿ ಉರಿಯುತ್ತಿದ್ದರೆ ರೆಗ್ಯುಲೇಟರ್ ಮುಚ್ಚುವುದೇ ಮೊದಲ ಕೆಲಸ. ಅನಿಲ ನಿಲ್ಲಿಸದೆ ಉರಿಯನ್ನಷ್ಟೇ ಆರಿಸಿದರೆ, ಗಾಳಿಗಿಂತ ಭಾರವಾದ ಆ ಅನಿಲ ನೆಲದುದ್ದಕ್ಕೂ ಹರಡಿ ಇನ್ನೊಂದು ಕಿಡಿಗೆ ಸಿಡಿಯುತ್ತದೆ.

ಇನ್ವರ್ಟರ್, ಸ್ವಿಚ್ ಬೋರ್ಡ್, ಟಿವಿಗೆ ಮೇನ್ ಸ್ವಿಚ್ ಆರಿಸಿ ಕಾರ್ಬನ್ ಡೈಆಕ್ಸೈಡ್ ಬಳಸುವುದು ಒಳ್ಳೆಯದು. ಪೌಡರೂ ಆರಿಸುತ್ತದೆ, ಆದರೆ ಸರ್ಕ್ಯೂಟಿನೊಳಗೆ ಕೂತು ತುಕ್ಕು ಹಿಡಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊಡೆಯುವಾಗ ಕೊಳವೆಯ ಅಗಲವಾದ ಬಾಯನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚರ್ಮ ಸುಡುವಷ್ಟು ಶೀತವಿರುತ್ತದೆ. ಚಿಕ್ಕ ಕೋಣೆಯಲ್ಲಿ ಹೊಡೆದರೆ ಕೂಡಲೇ ಹೊರಗೆ ಬನ್ನಿ, ಉಸಿರು ಕಟ್ಟುತ್ತದೆ.

ನಾನಾಗಿದ್ದರೆ ಅಡುಗೆಮನೆಯ ಬಾಗಿಲ ಹೊರಗೆ 4 ಕಿಲೋ ಎಬಿಸಿ, ಇನ್ವರ್ಟರ್ ಇರುವ ಕೋಣೆಯ ಬಾಗಿಲಲ್ಲಿ 2 ಕಿಲೋ ಕಾರ್ಬನ್ ಡೈಆಕ್ಸೈಡ್, ಜನರೇಟರ್ ಮತ್ತು ಡೀಸೆಲ್ ಇಡುವ ಶೆಡ್ಡಿನ ಹೊರಗೆ 6 ಕಿಲೋ ಎಬಿಸಿ ಇಡುತ್ತಿದ್ದೆ. ಒಲೆಯ ಪಕ್ಕದಲ್ಲಿ ತೂಗುಹಾಕಿದ್ದು ಬೆಂಕಿ ಬಿದ್ದ ದಿನ ಕೈಗೆ ಸಿಗುವುದಿಲ್ಲ. ಕೊಳ್ಳುವ ಮುನ್ನ, ಹಗಲಲ್ಲಿ ಮನೆಯಲ್ಲಿರುವವರಿಂದ ಒಮ್ಮೆ ಎತ್ತಿಸಿ ನೋಡಿ. 6 ಕಿಲೋ ಎಂಬುದು ಒಳಗಿನ ಪೌಡರಿನ ತೂಕ ಮಾತ್ರ. ಐಎಸ್‌ಐ ಗುರುತು ಮತ್ತು ಇಂಥ ಸಿಲಿಂಡರುಗಳ ಭಾರತೀಯ ಮಾನಕವಾದ ಐಎಸ್ 15683 ಎಂಬ ಸಂಖ್ಯೆ ಇದೆಯೇ ನೋಡಿಕೊಳ್ಳಿ.

ನಮ್ಮ ಮಲೆನಾಡಿನ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಂಡೆಯೊಲೆಯ ಬಳಿ ನೆಲದ ಮೇಲಿಟ್ಟಿದ್ದ ಒಂದು ಸಿಲಿಂಡರನ್ನು ಹೊರಳಿಸಿ ನೋಡಿದಾಗ ತಳದ ಅಂಚು ಬೆರಳು ತಾಕಿದಲ್ಲೆಲ್ಲ ಹಪ್ಪಳದಂತೆ ಉದುರಿತು. ಮೀಟರಿನ ಮುಳ್ಳು ಮಾತ್ರ ಹಸಿರಿನಲ್ಲೇ ಇತ್ತು. ಮುಳ್ಳು ಹೇಳುವುದು ಒತ್ತಡವನ್ನು, ಡಬ್ಬಿಯ ಗಟ್ಟಿತನವನ್ನಲ್ಲ. ಗೋಡೆಗೆ ತೂಗುಹಾಕಿ, ತಿಂಗಳಿಗೊಮ್ಮೆ ತಳ ಒರೆಸಿ ನೋಡಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ. ಅದನ್ನು ತೂಗಿಯೇ ನೋಡಬೇಕು. ಒಳಗಿನ ಅನಿಲ ಹತ್ತನೇ ಒಂದು ಭಾಗ ಕಡಿಮೆಯಾಗಿದ್ದರೆ ತುಂಬಿಸಬೇಕು.

ಬಳಸುವಾಗ ಪಿನ್ ಎಳೆದು, ಎರಡು ಮೂರು ಮೀಟರ್ ದೂರದಿಂದ, ಉರಿಯ ಬುಡಕ್ಕೆ ಗುರಿಯಿಟ್ಟು ಅತ್ತಿತ್ತ ಆಡಿಸಿ. 4 ಕಿಲೋದ್ದು 10–15 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಆರದಿದ್ದರೆ ಅತಿಥಿಗಳನ್ನು ಕರೆದುಕೊಂಡು ಹೊರಬನ್ನಿ, 101 ಅಥವಾ 112ಕ್ಕೆ ಕರೆ ಮಾಡಿ. ನಿಮ್ಮ ತೋಟಕ್ಕೆ ಯಾವ ತಿರುವಿನಲ್ಲಿ ಇಳಿಯಬೇಕು, ಗೇಟಿನ ಗುರುತೇನು ಎಂಬುದನ್ನು ಈ ಸಂಖ್ಯೆಗಳ ಕೆಳಗೇ ಬರೆದು ಪ್ರತಿ ಕೋಣೆಯಲ್ಲೂ ಅಂಟಿಸಿಡಿ. ಕರೆ ಮಾಡುವವರು ಅವತ್ತಷ್ಟೇ ಬಂದಿಳಿದ ಅತಿಥಿಯೂ ಆಗಿರಬಹುದು.