ಪಿಸಿಎನ್‌ಎ: ಡಿಎನ್‌ಎಗೆ ತೊಡಿಸುವ ಬಳೆ

ಪರೀಕ್ಷೆಗೆ ಓದುವಾಗ ಪಿಸಿಎನ್‌ಎ ಬಗ್ಗೆ ಒಂದೇ ಸಾಲು ಬರೆದುಕೊಂಡು ಮುಂದೆ ಹೋಗುತ್ತೇವೆ: ‘ಸ್ಲೈಡಿಂಗ್ ಕ್ಲ್ಯಾಂಪ್, ಪಾಲಿಮರೇಸ್ ಡೆಲ್ಟಾಗೆ ಸಹಾಯಕ.’ ಅಂದರೆ ಡಿಎನ್‌ಎ ಮೇಲೆ ಜಾರುತ್ತಾ, ಅದನ್ನು ನಕಲು ಮಾಡುವ ಪಾಲಿಮರೇಸ್ ಡೆಲ್ಟಾ ಅನ್ನುವ ಎನ್‌ಜೈಮನ್ನು ಹಿಡಿದಿಡುವ ಪ್ರೋಟೀನ್. ಸಾಲೇನೋ ಸರಿ. ಆದರೆ ಇದೇ ಮನುಷ್ಯರ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಟ್ಯೂಬ್ ಕೈಗೆ ಬಂದಾಗ ಬೇರೆ ಪ್ರಶ್ನೆ ಏಳುತ್ತದೆ. ಪಿಸಿಎನ್‌ಎ ಎನ್‌ಜೈಮ್ ಅಲ್ಲ. ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ಜೋಡಿಸುವುದಿಲ್ಲ. ಹಾಗಿದ್ದರೆ ಟ್ಯೂಬಿನಲ್ಲಿರುವುದು ಕೆಲಸ ಮಾಡುವ ಸರಕು ಅಂತ ಗೊತ್ತಾಗುವುದು ಹೇಗೆ?

ಮೊದಲು ಹೆಸರಿನ ಗೊಂದಲ ಮುಗಿಸೋಣ. 1978ರಲ್ಲಿ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೋಶಗಳ ಮೇಲೆ ತಿರುಗಿಬೀಳುವ ಕಾಯಿಲೆ) ರೋಗಿಗಳ ರಕ್ತದಲ್ಲಿ ಒಂದು ಆಂಟಿಬಾಡಿ ಸಿಕ್ಕಿತು. ಅದು ವಿಭಜನೆಗೆ ಹೊರಟ ಕೋಶಗಳ ನ್ಯೂಕ್ಲಿಯಸ್ಸಿಗೆ ಅಂಟಿಕೊಳ್ಳುತ್ತಿತ್ತು. ‘ಪ್ರೊಲಿಫರೇಟಿಂಗ್ ಸೆಲ್ ನ್ಯೂಕ್ಲಿಯರ್ ಆಂಟಿಜೆನ್’ ಅನ್ನುವ ಉದ್ದ ಹೆಸರು ಹುಟ್ಟಿದ್ದು ಹೀಗೆ. ಇನ್ನೊಂದು ತಂಡ ಇದನ್ನೇ ಬೇರೆ ದಾರಿಯಲ್ಲಿ ಕಂಡು ‘ಸೈಕ್ಲಿನ್’ ಅಂದಿತು. ಕೋಶ ವಿಭಜನೆಯ ಹಂತಗಳನ್ನು ನಿಯಂತ್ರಿಸುವ, ಈಗ ನಾವು ಓದುವ ಸೈಕ್ಲಿನ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಪೇಪರ್ ಓದುವಾಗ ಇಲ್ಲಿ ಎಡವಬೇಡಿ. ಪಾಲಿಮರೇಸ್ ಡೆಲ್ಟಾದ ಜೊತೆಗಾರ ಇದೇ ಅಂತ ಗೊತ್ತಾಗಿದ್ದು 1987ರಲ್ಲಿ. ಅಂದರೆ ಹೆಸರಿಟ್ಟ ಒಂಬತ್ತು ವರ್ಷದ ಮೇಲೆ!

ಆಕಾರಕ್ಕೆ ಬಳೆಗಿಂತ ಒಳ್ಳೆಯ ಹೋಲಿಕೆ ನನಗೆ ಹೊಳೆದಿಲ್ಲ. 261 ಅಮೈನೋ ಆಮ್ಲಗಳ ಒಂದು ಸರಪಳಿ. ಅಂಥ ಮೂರು ಸೇರಿ ಒಂದು ಬಳೆ. ಒಳಗಿನ ತೂತು ಸುಮಾರು 35 ಆಂಗ್‌ಸ್ಟ್ರಮ್, ಡಿಎನ್‌ಎ ದಪ್ಪ ಸುಮಾರು 20. ಸಡಿಲವಾಗಿಯೇ ಕೂರುತ್ತದೆ, ಹಾಗಾಗಿ ಜಾರುತ್ತದೆ. ವಿದ್ಯುತ್ ಚಾರ್ಜ್ ಒಟ್ಟಾರೆ ನೋಡಿದರೆ ಪ್ರೋಟೀನ್ ನೆಗೆಟಿವ್, ಡಿಎನ್‌ಎ ಕೂಡ ನೆಗೆಟಿವ್. ಮತ್ತೆ ಹೊಂದಿಕೊಳ್ಳುವುದು ಹೇಗೆ? ಬಳೆಯ ಒಳಮೈಯಲ್ಲಿ ಮಾತ್ರ ಲೈಸೀನ್, ಆರ್ಜಿನೀನ್ ಅನ್ನುವ ಪಾಸಿಟಿವ್ ಅಮೈನೋ ಆಮ್ಲಗಳ ಸಾಲು ಇದೆ. ಆ ಜಾಗ ಪಾಸಿಟಿವ್.

ತಯಾರಿಕೆ ಅಷ್ಟೇನೂ ಕಷ್ಟವಲ್ಲ. ಮನುಷ್ಯರ ಜೀನನ್ನು ಪ್ಲಾಸ್ಮಿಡ್‌ಗೆ (ಪುಟ್ಟ ಉಂಗುರದ ಡಿಎನ್‌ಎ) ಸೇರಿಸಿ, ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಜೀನನ್ನು ಚಾಲೂ ಮಾಡುವ ಐಪಿಟಿಜಿ ಅನ್ನುವ ರಾಸಾಯನಿಕ ಹಾಕಿದರೆ ಪ್ರೋಟೀನ್ ಕರಗಿದ ರೂಪದಲ್ಲೇ ಬರುತ್ತದೆ. ಶುದ್ಧ ಮಾಡಲು, ಹಿಸ್ ಟ್ಯಾಗ್ (ನಿಕ್ಕಲ್‌ಗೆ ಅಂಟುವ ಹಿಸ್ಟಿಡೀನ್‌ಗಳ ಬಾಲ) ಇದ್ದರೆ ನಿಕ್ಕಲ್ ಕಾಲಮ್. ಇಲ್ಲದಿದ್ದರೆ ನೆಗೆಟಿವ್ ಪ್ರೋಟೀನ್‌ಗಳನ್ನು ಹಿಡಿಯುವ ಆನಯಾನ್ ಎಕ್ಸ್‌ಚೇಂಜ್ ಕಾಲಮ್, ಪಿಸಿಎನ್‌ಎ ನೆಗೆಟಿವ್ ಆದ್ದರಿಂದ ಅದಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಟ್ಯಾಗ್ ಯಾವ ತುದಿಯಲ್ಲಿದೆ ಅಂತ ಮಾತ್ರ ಗಮನಿಸಿ. ಪಾಲಿಮರೇಸ್ ಬಂದು ಕೂರುವ ಮುಖದ ಕಡೆಗೇ ಸಿ-ತುದಿ (ಸರಪಳಿಯ ಕೊನೆ) ಇರುತ್ತದೆ. ನಾನಾದರೆ ಟ್ಯಾಗನ್ನು ಎನ್-ತುದಿಗೆ (ಸರಪಳಿಯ ಶುರು) ಹಾಕುತ್ತೇನೆ.

ಪ್ರೋಟೀನ್‌ಗಳನ್ನು ಬಿಡಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್ ಓಡಿಸಿದ ದಿನ ನಾನು ಮೋಸ ಹೋಗಿದ್ದೆ. ಲೆಕ್ಕದ ಪ್ರಕಾರ ಒಂದು ಸರಪಳಿಯ ತೂಕ ಸುಮಾರು 29 ಕಿಲೋಡಾಲ್ಟನ್. ಬ್ಯಾಂಡ್ ನೋಡಿದರೆ 35ರ ಹತ್ತಿರ ಕೂತಿದೆ. ತಪ್ಪು ಕ್ಲೋನ್ ಅಂತ ಇಡೀ ಸಂಜೆ ತಲೆ ಕೆಡಿಸಿಕೊಂಡೆ. ಸೀನಿಯರ್ ಅಕ್ಕ ಒಮ್ಮೆ ನೋಡಿ ನಕ್ಕುಬಿಟ್ಟರು: “ಪಿಸಿಎನ್‌ಎ ಓಡೋದೇ ಹಾಗೆ ಕಣೋ.” ಆಮ್ಲೀಯ ಪ್ರೋಟೀನ್‌ಗಳು ಎಸ್‌ಡಿಎಸ್ ಜೆಲ್‌ನಲ್ಲಿ ಹೀಗೆ ನಿಧಾನವಾಗಿ ಇಳಿಯುವುದು ಮಾಮೂಲು. ಇನ್ನೊಂದು ಮಾತು, ಆ ಜೆಲ್‌ನಲ್ಲಿ ಬಳೆ ಒಡೆದು ಬಿಡಿ ಸರಪಳಿಗಳಾಗಿರುತ್ತದೆ. ಬಳೆ ಇಡಿಯಾಗಿದೆಯಾ ಅಂತ ನೋಡಲು ಪ್ರೋಟೀನನ್ನು ಒಡೆಯದೆ ಗಾತ್ರದಂತೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಷನ್ನೇ ಬೇಕು.

ಲೆಕ್ಕದಲ್ಲೂ ಇದೇ ತಾಪತ್ರಯ. ಮಿಲಿಲೀಟರಿಗೆ 1 ಮಿಲಿಗ್ರಾಂ ಅಂದರೆ ಸರಪಳಿ ಲೆಕ್ಕದಲ್ಲಿ ಸುಮಾರು 35 ಮೈಕ್ರೋಮೋಲಾರ್, ಬಳೆ ಲೆಕ್ಕದಲ್ಲಿ 12ಕ್ಕೂ ಸ್ವಲ್ಪ ಕಡಿಮೆ. ಯಾವ ಲೆಕ್ಕ ಅಂತ ಟ್ಯೂಬಿನ ಮೇಲೆ ಬರೆಯದಿದ್ದರೆ ಮುಂದಿನವರು ಸುಮ್ನೆ ಮೂರು ಪಟ್ಟು ತಪ್ಪು ಮಾಡುತ್ತಾರೆ.

ಈ. ಕೋಲಿಯಿಂದ ಬಂದ ಪಿಸಿಎನ್‌ಎಗೆ ಒಂದು ಮಿತಿಯೂ ಇದೆ. ನಮ್ಮ ಕೋಶಗಳಲ್ಲಿ ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿಸಿಎನ್‌ಎಯ 164ನೇ ಲೈಸೀನ್‌ಗೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನ್ ಅಂಟುತ್ತದೆ. ಈ. ಕೋಲಿಯಲ್ಲಿ ಯುಬಿಕ್ವಿಟಿನ್ನೇ ಇಲ್ಲ. ಆ ಅಂಟುವಿಕೆಯನ್ನು ಅಧ್ಯಯನ ಮಾಡಬೇಕಾದರೆ ಯುಬಿಕ್ವಿಟಿನ್ ಜೊತೆಗೆ ಅದನ್ನು ಅಂಟಿಸುವ ಎನ್‌ಜೈಮ್‌ಗಳನ್ನೂ ಟ್ಯೂಬಿಗೆ ನಾವೇ ಹಾಕಬೇಕು.

ಈಗ ಮೊದಲಿನ ಪ್ರಶ್ನೆ. ತಾನಾಗಿ ಏನೂ ಮಾಡದ ಪ್ರೋಟೀನನ್ನು ಪರೀಕ್ಷಿಸಬೇಕಾದರೆ ಅದರ ಜೊತೆಗಾರನ ಕೆಲಸವನ್ನು ಅಳೆಯಬೇಕು. ಪಾಲಿಮರೇಸ್ ಡೆಲ್ಟಾ ಒಂಟಿಯಾಗಿದ್ದರೆ ಸ್ವಲ್ಪ ದೂರ ನಕಲು ಮಾಡಿ ಕಳಚಿಕೊಳ್ಳುತ್ತದೆ. ಬಳೆಗೆ ಸಿಕ್ಕಿಸಿಕೊಂಡರೆ ದೂರ ಹೋಗುತ್ತದೆ. ಆದರೆ ಬಳೆಯನ್ನು ಡಿಎನ್‌ಎಗೆ ತೊಡಿಸುವವರು ಯಾರು? ನೇರ ಕಡ್ಡಿಗಾದರೆ ತುದಿಯಿಂದ ತೂರಿಸಬಹುದು. ತುದಿಯೇ ಇಲ್ಲದ ಸೈಕಲ್ ಚಕ್ರದ ರಿಮ್ಮಿಗೆ ತೂರಿಸಿ ನೋಡೋಣ! ಬಳೆಯನ್ನು ಒಂದು ಕಡೆ ಬಿಚ್ಚಲೇಬೇಕು. ಕೋಶದಲ್ಲಿ ಆ ಬಳೆಗಾರನ ಹೆಸರು ಆರ್‌ಎಫ್‌ಸಿ, ಐದು ಭಾಗಗಳ ಯಂತ್ರ. ಎಟಿಪಿ (ಕೋಶದ ಇಂಧನ) ಖರ್ಚು ಮಾಡಿ ಬಳೆ ತೊಡಿಸುತ್ತದೆ.

ಹಾಗಾಗಿ ಯಾರಾದರೂ ‘ಪರೀಕ್ಷಿಸಿದ್ದೇವೆ, ಚಟುವಟಿಕೆ ಇದೆ’ ಅಂದರೆ ನಾನು ಕೇಳುವುದು ಒಂದೇ: ಯಾವ ಡಿಎನ್‌ಎ ಮೇಲೆ? ಪಾಲಿ-ಡಿಎ, ಆಲಿಗೊ-ಡಿಟಿಯಂಥ (ಬರೀ ಎ ಅಕ್ಷರಗಳ ಉದ್ದ ಎಳೆಗೆ ಬರೀ ಟಿ ಅಕ್ಷರಗಳ ತುಂಡು ಕೂರಿಸಿದ್ದು) ನೇರ ಎಳೆಯಾದರೆ, ಪಿಸಿಎನ್‌ಎ ಜಾಸ್ತಿ ಹಾಕಿದಾಗ ಅದು ತುದಿಯಿಂದ ತಾನಾಗಿ ಜಾರಿ ಸೇರಿಕೊಳ್ಳುತ್ತದೆ. ಅಲ್ಲಿ ಆರ್‌ಎಫ್‌ಸಿ ಬೇಡ, ಎಟಿಪಿಯೂ ಬೇಡ. ಎಂ13 ವೈರಸ್‌ನಂಥ ಒಂಟಿ ಎಳೆಯ ಉಂಗುರದ ಡಿಎನ್‌ಎಗೆ ಪ್ರೈಮರ್ (ನಕಲು ಶುರುವಾಗುವ ಪುಟ್ಟ ತುಂಡು) ಕೂರಿಸಿ, ಒಂಟಿ ಎಳೆಯನ್ನು ಮುಚ್ಚುವ ಆರ್‌ಪಿಎ ಪ್ರೋಟೀನ್ ಹೊದಿಸಿ ಮಾಡಿದರೆ ಆ ಕಳ್ಳದಾರಿ ಮುಚ್ಚುತ್ತದೆ. ಅದರ ಪಕ್ಕದಲ್ಲಿ ಎರಡು ಟ್ಯೂಬ್ ಜಾಸ್ತಿ ಇಡಿ: ಒಂದರಲ್ಲಿ ಆರ್‌ಎಫ್‌ಸಿ ಬಿಟ್ಟು, ಇನ್ನೊಂದರಲ್ಲಿ ಪಿಸಿಎನ್‌ಎಯನ್ನೇ ಬಿಟ್ಟು. ಎರಡರಲ್ಲೂ ಉದ್ದದ ಎಳೆ ಕಾಣಬಾರದು.