ಹಿಮದಡಿಯ ಹತ್ತು ನಿಮಿಷ

ಚಳಿಗಾಲ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಹುಡುಗರು ಹಿಮಾಲಯದ ಕೇದಾರಕಾಂಠಕ್ಕೋ ಬ್ರಹ್ಮತಾಲಕ್ಕೋ ಚಾರಣ ಹೊರಡುತ್ತಾರೆ. ಅವರಿಗೆ ಹಿಮದ ಪಾಠ ಹೇಳುವುದು ನನ್ನ ಕೆಲಸ. ಹಿಮಕುಸಿತದ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸರ್, ನಮ್ಮ ಬೆಟದೂರಿನ ಹನುಮಂತಪ್ಪ ಹಿಮದಡಿ ಆರು ದಿನ ಬದುಕಿದ್ದರಲ್ಲ?’

ಬದುಕಿದ್ದರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,000 ಅಡಿಗೂ ಎತ್ತರದ ಠಾಣೆಯೊಂದು ಹೂತುಹೋದಾಗ ಅಲ್ಲಿದ್ದ ಹತ್ತು ಯೋಧರಲ್ಲಿ ಜೀವಂತವಾಗಿ ಸಿಕ್ಕವರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರೇ. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಅವರಿದ್ದದ್ದು ಟೆಂಟಿನೊಳಗೆ, ಉಸಿರಾಡುವಷ್ಟು ಗಾಳಿ ಅಲ್ಲಿ ಉಳಿದಿತ್ತು. ಇಳಿಜಾರಿನಲ್ಲಿ ನಡೆಯುವಾಗ ಸಿಕ್ಕಿಬಿದ್ದವರಿಗೆ ಆ ಭಾಗ್ಯವಿಲ್ಲ. ಉರುಳಿ ಬಂದ ಹಿಮ ನಿಂತೊಡನೆ ಬಿಗಿದುಕೊಳ್ಳುತ್ತದೆ, ಬೆರಳು ಅಲುಗಿಸಲೂ ಬಿಡುವುದಿಲ್ಲ. ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ಕಳೆದರೆ ಮೂವರಲ್ಲಿ ಒಬ್ಬರು. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ. ಅಗೆಯಬೇಕಾದವರು ಜೊತೆಗಿದ್ದವರೇ. ಅದಕ್ಕೆ ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಬೀಕನ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು ಮತ್ತು ಸಲಿಕೆ ಇರಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಹೆಚ್ಚುಕಡಿಮೆ ವ್ಯರ್ಥ.

ಇನ್ನು ಕುಸಿತದ ಮೂಲ. ಅದು ಮೇಲಿನ ಹೊಸ ಹಿಮದಲ್ಲಷ್ಟೇ ಇರುವುದಿಲ್ಲ. ಚಳಿಗಾಲದ ಆರಂಭದಲ್ಲಿ ಹಿಮ ತೆಳುವಾಗಿರುತ್ತದೆ. ಅದರ ಬುಡ, ನೆಲದ ಬಿಸುಪಿನಿಂದ, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಮೇಲ್ಮೈ ಶುಭ್ರ ರಾತ್ರಿಗಳಲ್ಲಿ ವಿಪರೀತ ತಣ್ಣಗಾಗುತ್ತದೆ. ಆಗ ನೀರಾವಿ ಕೆಳಗಿನಿಂದ ಮೇಲೇರುತ್ತಾ ಹಿಮದ ಕಣಗಳನ್ನು ದೊಡ್ಡ, ಮೂಲೆಮೂಲೆಯ ಹರಳುಗಳಾಗಿಸುತ್ತದೆ. ಗುಂಡಿ ತೋಡಿ ಆ ಪದರದಿಂದ ಒಂದು ಹಿಡಿ ತೆಗೆದರೆ ಒಣ ಗೋದಿ ರವೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಉಂಡೆ ಕಟ್ಟುವುದೇ ಇಲ್ಲ. ಆಮೇಲೆ ಬಿದ್ದ ಹಿಮವೋ ಗಾಳಿ ಹೊತ್ತು ತಂದ ಹಿಮವೋ ಇದರ ಮೇಲೆ ಗಟ್ಟಿ ಹಲಗೆಯಾಗಿ ಕೂರುತ್ತದೆ. ಅದರ ಮೇಲೆ ಒಬ್ಬ ಕಾಲಿಟ್ಟರೂ ಕೆಳಪದರ ಮುರಿಯಬಹುದು, ಆ ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹಬ್ಬಬಹುದು. ಹಿಮಕುಸಿತದಲ್ಲಿ ಸತ್ತವರಲ್ಲಿ ಹೆಚ್ಚಿನವರ ವಿಷಯದಲ್ಲಿ ಕುಸಿತವನ್ನು ಎಬ್ಬಿಸಿದ್ದು ಅವರದೇ ಗುಂಪಿನ ಹೆಜ್ಜೆ.

ಅಪಾಯ ಹೆಚ್ಚಿರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಮೊಬೈಲಿನಲ್ಲೇ ಅಳೆಯಬಹುದು, ಆದರೆ ಫೋಟೊ ತೆಗೆಯುವ ಗಡಿಬಿಡಿಯಲ್ಲಿ ಅಳೆಯುವವರಾರು? ಕಾಲಡಿ ‘ಧಬ್’ ಎಂದು ಹಿಮ ಕುಗ್ಗಿದರೆ, ಹೆಜ್ಜೆಯಿಂದ ಬಿರುಕು ಓಡಿದರೆ, ಎದುರಿನ ಇಳಿಜಾರು ಹೊಸದಾಗಿ ಜಾರಿದ್ದು ಕಂಡರೆ ಮುಂದುವರಿಯಬೇಡಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ದಿನವೂ ಏರಿ ಗಳಿಸಿದ ದಮ್ಮು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅಪಾಯದ ಮುನ್ಸೂಚನೆಗೆ ಐದು ಹಂತಗಳಿವೆ. ನಾಲ್ಕು, ಐದು ಎಂದರೆ ಎಲ್ಲರೂ ಹೆದರುತ್ತಾರೆ. ಮೂರು ಎಂದರೆ ‘ನಡುವಿನದು, ನಡೆಯುತ್ತದೆ’ ಎಂದುಕೊಳ್ಳುತ್ತಾರೆ. ಆ ಮೂರರ ದಿನಗಳಲ್ಲೇ ಬಹಳ ಜನ ಸಾಯುತ್ತಾರೆ. ಹಣ ಕಟ್ಟುವ ಮುಂಚೆ ಚಾರಣ ಸಂಸ್ಥೆಗೆ ಫೋನ್ ಮಾಡಿ, ಆ ದಿನ ಗುಂಪನ್ನು ಹಿಂದಿರುಗಿಸುವ ಅಧಿಕಾರ ಗೈಡ್‌ಗೆ ಇದೆಯೇ, ಬೀಕನ್ ಎಷ್ಟು ಜನರಿಗೆ ಕೊಡುತ್ತೀರಿ ಎಂದು ಕೇಳಿ. ಊಟದ ಪಟ್ಟಿಯನ್ನು ಅವರು ಕೇಳದೆಯೇ ಹೇಳುತ್ತಾರೆ.