ಹಾರುವ ಹಕ್ಕಿಗೆ ಎಷ್ಟು ಉದ್ದದ ಲೆನ್ಸ್? ಫ್ರೇಮ್ ಅಗಲದ ಲೆಕ್ಕ ಹಿಡಿದು ಬರೆದ ಟಿಪ್ಪಣಿ

ಕೂತ ಹಕ್ಕಿಯ ಫೋಟೊಗೆ ಲೆನ್ಸ್ ಉದ್ದ ಇದ್ದಷ್ಟೂ ಒಳ್ಳೆಯದು, ಇದರಲ್ಲಿ ತಕರಾರಿಲ್ಲ. ಆದರೆ ಹಕ್ಕಿ ಕೊಂಬೆ ಬಿಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. ಹಕ್ಕಿ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದಕ್ಕಿಂತ ಮೊದಲು, ಅದು ಫ್ರೇಮಿನೊಳಗೆ ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳಬೇಕಾಗುತ್ತದೆ. ಟೆಲಿಫೋಟೊ ಲೆನ್ಸ್ ಆರಿಸುವಾಗ ನಾನು ಓದಿ, ಲೆಕ್ಕ ಹಾಕಿ ಅರ್ಥ ಮಾಡಿಕೊಂಡದ್ದನ್ನು ಮರೆಯುವ ಮೊದಲು ಇಲ್ಲಿ ಬರೆದಿಡುತ್ತಿದ್ದೇನೆ. ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ಅಂದರೇನು ಅನ್ನುವುದು ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ.

ಫ್ರೇಮಿನೊಳಗೆ ಎಷ್ಟು ಆಕಾಶ ಹಿಡಿಸುತ್ತದೆ?

ಇಡೀ ವಿಷಯ ಒಂದು ಸುಲಭ ಸೂತ್ರದ ಮೇಲೆ ನಿಂತಿದೆ:

ಫ್ರೇಮಿನ ಅಗಲ = ಸೆನ್ಸರ್ ಅಗಲ × ಹಕ್ಕಿ ಇರುವ ದೂರ ÷ ಫೋಕಲ್ ಲೆಂತ್

ಫೋಕಲ್ ಲೆಂತ್ ಅಂದರೆ ಲೆನ್ಸಿನ ಹೆಸರಿನಲ್ಲಿ ಬರುವ ಮಿ.ಮೀ. ಸಂಖ್ಯೆ. ಅದು ದೊಡ್ಡದಾದರೆ ಉದ್ದದ ಲೆನ್ಸ್ ಅನ್ನುತ್ತೇವೆ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಹಕ್ಕಿ 30 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 600 ಮಿ.ಮೀ. ಲೆನ್ಸ್ ಹಾಕಿದರೆ 36 × 30 ÷ 600, ಅಂದರೆ 1.8 ಮೀಟರ್. ವ್ಯೂಫೈಂಡರಿನಲ್ಲಿ ಆ ದೂರದ ಆಕಾಶ ಕಾಣುವುದು ಅಷ್ಟೇ ಅಗಲ. 400ರಲ್ಲಿ 2.7 ಮೀಟರ್, 300ರಲ್ಲಿ 3.6 ಮೀಟರ್. ಎತ್ತರ ಇನ್ನೂ ಕಡಿಮೆ, ಅಗಲದ ಮೂರರಲ್ಲಿ ಎರಡು ಪಾಲು.

ಈಗ ಒಂದು ಪಾರಿವಾಳ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 54 ಕಿ.ಮೀ. ವೇಗದಲ್ಲಿ, ಎಡದಿಂದ ಬಲಕ್ಕೆ ಅಡ್ಡ ಹಾರಿ ಹೋಗುತ್ತಿದೆ. ಕ್ಯಾಮೆರಾ ಅಲುಗಾಡಿಸದೆ ಹಿಡಿದರೆ 600ರ ಫ್ರೇಮನ್ನು ಅದು 0.12 ಸೆಕೆಂಡಿನಲ್ಲಿ ದಾಟುತ್ತದೆ. 400ರಲ್ಲಿ 0.18, 300ರಲ್ಲಿ 0.24. ಕಣ್ಣಿಗೆ ಕಂಡದ್ದಕ್ಕೆ ನಮ್ಮ ಕೈ ಓಗೊಡಲು ಸುಮಾರು 0.2 ಸೆಕೆಂಡ್ ಬೇಕು. ಅಂದರೆ 600ರಲ್ಲಿ ಹಕ್ಕಿ ಕಂಡಿತು ಅಂತ ಕೈ ಅಲುಗುವ ಮೊದಲೇ ಅದು ಆಚೆ ಹೋಗಿರುತ್ತದೆ.

ಸುಮ್ನೆ ಹಿಡಿದು ನಿಲ್ಲುವುದಿಲ್ಲ, ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ ಪ್ಯಾನ್ ಮಾಡುತ್ತೇವೆ ಅಲ್ವಾ? ಸರಿ, ಹಾಗೇ ನೋಡೋಣ. ಕೈಯ ವೇಗ ಹಕ್ಕಿಯ ವೇಗಕ್ಕಿಂತ ಐದರಲ್ಲೊಂದು ಪಾಲು ಕಡಿಮೆ ಆಯಿತು ಅನ್ನಿ. ಆಗ ಹಕ್ಕಿ ಫ್ರೇಮಿನೊಳಗೆ ಸೆಕೆಂಡಿಗೆ 3 ಮೀಟರ್ ಜಾರುತ್ತದೆ. ನಡುವಿನಿಂದ ಅಂಚಿಗೆ ಜಾರಲು 600ರಲ್ಲಿ 0.3 ಸೆಕೆಂಡ್, 400ರಲ್ಲಿ 0.45 ಸೆಕೆಂಡ್. ಮೊದಲನೆಯದರಲ್ಲಿ ಕೈ ತಿದ್ದಿಕೊಳ್ಳಲು ಒಂದೇ ಅವಕಾಶ. ಎರಡನೆಯದರಲ್ಲಿ ಎರಡು. ಲೆನ್ಸ್ ಚಿಕ್ಕದಾದಷ್ಟೂ ಕೈ ತಪ್ಪಿದರೂ ಹಕ್ಕಿ ಸಿಗುತ್ತದೆ ಅನ್ನುವುದರ ಅರ್ಥ ಇದೇ.

ಇದೇ ಸೂತ್ರದಿಂದ ಇನ್ನೊಂದು ವಿಷಯ ಹೊರಬೀಳುತ್ತದೆ, ನನಗೆ ಬಹಳ ಇಷ್ಟವಾದದ್ದು. ದೂರ ಎರಡು ಪಟ್ಟಾದರೆ ಫ್ರೇಮೂ ಎರಡು ಪಟ್ಟು ಅಗಲವಾಗುತ್ತದೆ. ಹಾಗಾಗಿ ಎತ್ತರದಲ್ಲಿ ರೆಕ್ಕೆ ಬಡಿಯದೆ ಸುತ್ತು ಹಾಕುವ ಹದ್ದಿಗೆ 600 ಕಷ್ಟವೇ ಅಲ್ಲ. ನೀರಿನ ಮೇಲೆ 10 ಮೀಟರ್ ಹತ್ತಿರದಲ್ಲಿ ಸುಳಿಯುವ ಅಂಬರಗುಬ್ಬಿಗೆ ಅದೇ 600 ಹಿಡಿದರೆ ಫ್ರೇಮಿನ ಅಗಲ ಬರೀ 60 ಸೆಂ.ಮೀ. ಹಕ್ಕಿಯ ರೆಕ್ಕೆಯಗಲವೇ 32 ಸೆಂ.ಮೀ. ಸುತ್ತ ಉಳಿಯುವ ಜಾಗವೇನು? ಚಿಕ್ಕ ಹಕ್ಕಿಗೆ ಉದ್ದದ ಲೆನ್ಸ್ ಬೇಕು ಅನ್ನುವ ಮಾತು ಕೂತ ಹಕ್ಕಿಗೆ ಸರಿ. ಹಾರುವ ಚಿಕ್ಕ ಹಕ್ಕಿ ಹತ್ತಿರ ಬಂದಾಗಲೇ ಫೋಟೊ, ಹತ್ತಿರ ಬಂದಾಗ ಚಿಕ್ಕ ಲೆನ್ಸೇ ಅನುಕೂಲ.

ನನ್ನ ಅಡ್ಡದಾರಿ: 12 ಮತ್ತು 7

ಪ್ರತಿ ಸಲ ಇಷ್ಟೆಲ್ಲಾ ಲೆಕ್ಕ ಹಾಕುವ ಬದಲು ನಾನು ಒಂದು ಅಂದಾಜು ಇಟ್ಟುಕೊಂಡಿದ್ದೇನೆ. ನೇರವಾಗಿ, ಒಂದೇ ವೇಗದಲ್ಲಿ ಹಾರುವ ಹಕ್ಕಿಗೆ ಫ್ರೇಮಿನ ಅಗಲ ರೆಕ್ಕೆಯಗಲದ ಮೂರು ಪಟ್ಟು ಇದ್ದರೆ ಸಾಕು. 36ನ್ನು 3ರಿಂದ ಭಾಗಿಸಿದರೆ 12. ಹಾಗಾಗಿ ಫುಲ್ ಫ್ರೇಮಿಗೆ:

ಬೇಕಾದ ಫೋಕಲ್ ಲೆಂತ್ = 12 × ದೂರ ÷ ರೆಕ್ಕೆಯಗಲ (ಎರಡೂ ಮೀಟರಿನಲ್ಲಿ, ಉತ್ತರ ಮಿ.ಮೀ.ನಲ್ಲಿ)

ಕೈ ಇನ್ನೂ ಪಳಗುತ್ತಿದ್ದರೆ, ಅಥವಾ ಹಕ್ಕಿ ಗಳಿಗೆಗೊಮ್ಮೆ ದಿಕ್ಕು ಬದಲಿಸುವ ಜಾತಿಯದಾದರೆ, ಐದು ಪಟ್ಟು ಜಾಗ ಬಿಡಬೇಕು. ಆಗ 12ರ ಜಾಗದಲ್ಲಿ 7 ಹಾಕಿ.

ಪಾರಿವಾಳದ ರೆಕ್ಕೆಯಗಲ ಸುಮಾರು 0.65 ಮೀಟರ್. 30 ಮೀಟರ್ ದೂರಕ್ಕೆ 12ರ ಲೆಕ್ಕದಲ್ಲಿ ಸುಮಾರು 550 ಮಿ.ಮೀ., 7ರ ಲೆಕ್ಕದಲ್ಲಿ 320. ಬೆಳ್ಳಕ್ಕಿ ಸುಮಾರು 0.9 ಮೀಟರ್, 25 ಮೀಟರ್ ದೂರಕ್ಕೆ 330 ಅಥವಾ 195. ಹದ್ದು ಸುಮಾರು 1.4 ಮೀಟರ್, ಆದರೆ ಅದು ದೂರದಲ್ಲೇ ಜಾಸ್ತಿ. 80 ಮೀಟರಿಗೆ 685 ಅಥವಾ 400. ಅಂಬರಗುಬ್ಬಿ 10 ಮೀಟರಿಗೆ 375 ಅಥವಾ 220. ಹಕ್ಕಿ ಯಾವುದೇ ಇರಲಿ, ಕಲಿಯುವವರ ಉತ್ತರ 200ರಿಂದ 400ರ ಒಳಗೇ ಬಂದು ಕೂರುತ್ತದೆ. ಪಳಗಿದ ಕೈಯಾದರೆ 500, 600ಕ್ಕೆ ಹೋಗಬಹುದು.

ಕ್ರಾಪ್ ಸೆನ್ಸರಿಗೆ, ಅಂದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿಗೆ, 12ರ ಬದಲು 8, 7ರ ಬದಲು 4.7. ಯಾಕೆ ಅನ್ನುವುದು ಮುಂದೆ.

ಕ್ರಾಪ್ ಕ್ಯಾಮೆರಾದಲ್ಲಿ 400 ನಿಜವಾಗಿ 600 ಆಗುತ್ತದೆಯೇ?

ಕ್ರಾಪ್ ಕ್ಯಾಮೆರಾಗೆ ಹಾಕಿದರೆ 400 ಲೆನ್ಸ್ 600 ಆಗುತ್ತದೆ ಅನ್ನುವ ಮಾತಿದೆ. ಜಾಸ್ತಿ ತಲೆ ತಿಂದ ಭಾಗ ಇದು, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಲೆನ್ಸ್ ತನ್ನ ಹಿಂದೆ ಹಕ್ಕಿಯ ಒಂದು ಪುಟ್ಟ ಬಿಂಬ ಬೀಳಿಸುತ್ತದೆ. ಆ ಬಿಂಬದ ಅಳತೆ = ಹಕ್ಕಿಯ ಅಳತೆ × ಫೋಕಲ್ ಲೆಂತ್ ÷ ದೂರ. ನಮ್ಮ ಪಾರಿವಾಳಕ್ಕೆ 400 ಲೆನ್ಸ್ ಹಾಕಿದರೆ 650 × 400 ÷ 30,000, ಅಂದರೆ ಹೆಚ್ಚುಕಡಿಮೆ 8.7 ಮಿ.ಮೀ. ಈ ಸೂತ್ರವನ್ನು ಇನ್ನೊಂದು ಸಲ ನೋಡಿ. ಇದರಲ್ಲಿ ಸೆನ್ಸರ್ ಅಗಲ ಎಲ್ಲೂ ಇಲ್ಲ! ಹಿಂದೆ ಫುಲ್ ಫ್ರೇಮ್ ಇದ್ದರೂ 8.7, ಕ್ರಾಪ್ ಇದ್ದರೂ 8.7.

ಬದಲಾಗುವುದು ಆ 8.7 ಮಿ.ಮೀ.ನ ಸುತ್ತ ಇರುವ ಜಾಗ. ಫುಲ್ ಫ್ರೇಮಿನಲ್ಲಿ 36ರಲ್ಲಿ 8.7, ಅಂದರೆ ಕಾಲು ಭಾಗ. ಕ್ರಾಪ್ ಸೆನ್ಸರಿನ ಅಗಲ ಸುಮಾರು 23.5 (ಇದನ್ನು 3ರಿಂದ, 5ರಿಂದ ಭಾಗಿಸಿದಾಗಲೇ ಮೇಲಿನ 8 ಮತ್ತು 4.7 ಬಂದದ್ದು), ಅದರಲ್ಲಿ 8.7 ಅಂದರೆ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ. ಕಿಟಕಿಯ ಒಂದು ಬಾಗಿಲು ಮುಚ್ಚಿದರೆ ಹೊರಗಿನ ಮರ ದೊಡ್ಡದಾಗುವುದಿಲ್ಲ, ಕಿಟಕಿ ತುಂಬಿದಂತೆ ಕಾಣುತ್ತದೆ ಅಷ್ಟೇ.

ಹಾಗಾದರೆ ವಿವರ ಎಲ್ಲಿಂದ ಬರುತ್ತದೆ? ಆ 8.7 ಮಿ.ಮೀ. ಮೇಲೆ ಎಷ್ಟು ಪಿಕ್ಸೆಲ್ ಇವೆ ಅನ್ನುವುದರಿಂದ. 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರಿನಲ್ಲಿ 23.5 ಮಿ.ಮೀ. ಅಗಲಕ್ಕೆ 6,000 ಪಿಕ್ಸೆಲ್. ಒಂದು ಮಿ.ಮೀ.ಗೆ 255. ಪಾರಿವಾಳದ ಮೇಲೆ ಸುಮಾರು 2,200. 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ ಅದೇ 6,000 ಪಿಕ್ಸೆಲ್ 36 ಮಿ.ಮೀ.ಗೆ ಹರಡಿರುತ್ತವೆ, ಪಾರಿವಾಳದ ಮೇಲೆ ಬರೀ 1,450. 45 ಮೆಗಾಪಿಕ್ಸೆಲ್ ಫುಲ್ ಫ್ರೇಮಿನಲ್ಲಿ ಸುಮಾರು 2,000.

ಈಗ ಎರಡು ಜೋಡಿಗಳನ್ನು ಪಕ್ಕಪಕ್ಕ ಇಡೋಣ. 24 ಮೆಗಾಪಿಕ್ಸೆಲ್ ಫುಲ್ ಫ್ರೇಮಿಗೆ 600 ಲೆನ್ಸ್: ಪಾರಿವಾಳದ ಮೇಲೆ ಸುಮಾರು 2,170 ಪಿಕ್ಸೆಲ್, ಫ್ರೇಮಿನ ಅಗಲ 1.8 ಮೀಟರ್. 45 ಮೆಗಾಪಿಕ್ಸೆಲ್ ಫುಲ್ ಫ್ರೇಮಿಗೆ 400 ಲೆನ್ಸ್: 2,000 ಪಿಕ್ಸೆಲ್, ಫ್ರೇಮಿನ ಅಗಲ 2.7 ಮೀಟರ್. ವಿವರದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹಕ್ಕಿಯನ್ನು ಹಿಡಿದಿಡುವ ಜಾಗ ಮಾತ್ರ ಎರಡನೆಯದರಲ್ಲಿ ಒಂದೂವರೆ ಪಟ್ಟು. ಮನೆಗೆ ಬಂದು ಕತ್ತರಿಸಿಕೊಂಡರಾಯಿತು. ಕ್ರಾಪ್ ಕ್ಯಾಮೆರಾಗೆ 400 ಹಾಕಿದರೆ ವಿವರ ಸಿಗುತ್ತದೆ, ಆದರೆ ಫ್ರೇಮ್ 1.76 ಮೀಟರ್ ಮಾತ್ರ, ಅಂದರೆ ಹಿಡಿಯುವ ಕಷ್ಟ 600ರದ್ದೇ. ನಿಮ್ಮದು ಕ್ರಾಪ್ ಕ್ಯಾಮೆರಾ ಆಗಿದ್ದರೆ ಹಾರುವ ಹಕ್ಕಿಗೆ 300 ಅಂದರೆ ಕಡಿಮೆ ಅಂತ ಅಂದುಕೊಳ್ಳಬೇಡಿ.

ಒಂದು ಮಾತು ಸೇರಿಸಲೇಬೇಕು. ಕತ್ತರಿಸಿದರೆ ಪೂರ್ತಿ ಪುಕ್ಕಟೆಯಲ್ಲ. ಹಕ್ಕಿಯಿಂದ ಬರುವ ಬೆಳಕನ್ನು ಎಷ್ಟು ಹಿಡಿಯುತ್ತೇವೆ ಅನ್ನುವುದು ಲೆನ್ಸಿನ ಬಾಯಿಯ ಅಗಲದ ಮೇಲಿದೆ. 400 ಎಫ್/5.6ರಲ್ಲಿ ಅದು 71 ಮಿ.ಮೀ., 600 ಎಫ್/6.3ರಲ್ಲಿ 95. ಮೋಡ ಕವಿದ ದಿನ, ಹಕ್ಕಿ ಒಂದೇ ಗಾತ್ರಕ್ಕೆ ಬರುವಂತೆ ಕತ್ತರಿಸಿ ನೋಡಿದಾಗ, ದೊಡ್ಡ ಬಾಯಿಯ ಲೆನ್ಸಿನ ಚಿತ್ರದಲ್ಲಿ ನಾಯ್ಸ್ (ಕಾಳುಕಾಳಾಗಿ ಕಾಣುವುದು) ಕಡಿಮೆ.

ಝೂಮೋ ಪ್ರೈಮೋ, ಮತ್ತು ತೂಕ

ಈ ಲೆಕ್ಕ ಒಪ್ಪಿದರೆ ಝೂಮ್ ಯಾಕೆ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. 250ರಲ್ಲಿ ಹಕ್ಕಿಯನ್ನು ಹುಡುಕಿ, ಹಿಡಿತಕ್ಕೆ ಸಿಕ್ಕ ಮೇಲೆ 500ಕ್ಕೆ ಹೋಗಬಹುದು. ಸೋನಿ 200-600 (2019) ಮತ್ತು ನಿಕಾನ್ ಝಡ್ 180-600 (2023) ಎರಡೂ ಝೂಮ್ ಮಾಡುವಾಗ ಉದ್ದವಾಗುವುದಿಲ್ಲ, ಗಾಜು ಒಳಗೇ ಸರಿಯುತ್ತದೆ. ಎಡಗೈ ಮೇಲಿನ ಭಾರ ಮುಂದಕ್ಕೆ ವಾಲದ ಕಾರಣ ಪ್ಯಾನ್ ಮಾಡುತ್ತಲೇ ಝೂಮ್ ತಿರುಗಿಸಬಹುದು. ಆದರೆ ಎರಡೂ ಸುಮಾರು 2 ಕೆ.ಜಿ. ಕ್ಯಾನನ್ ಆರ್‌ಎಫ್ 100-500 (2020) ಟ್ರೈಪಾಡಿಗೆ ಕೂರಿಸುವ ಕಾಲರ್ ಬಿಟ್ಟು ಸುಮಾರು 1.4 ಕೆ.ಜಿ., ಉದ್ದ ಬೆಳೆಯುತ್ತದೆ, 500ರಲ್ಲಿ ಎಫ್/7.1.

ಪ್ರೈಮ್, ಅಂದರೆ ಝೂಮ್ ಆಗದ ಲೆನ್ಸುಗಳ ಪೈಕಿ ಕ್ಯಾನನ್ ಇಎಫ್ 400 ಎಫ್/5.6 ಬಗ್ಗೆ ಹೇಳದೆ ಇರಲಾಗದು. 1993ರದ್ದು, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲ, ತೂಕ 1.25 ಕೆ.ಜಿ. ಹಾರುವ ಹಕ್ಕಿಯ ಲೆನ್ಸ್ ಅಂತಲೇ ಹೆಸರಾಯಿತು, ಯಾಕೆಂದರೆ ಹಗುರ ಮತ್ತು ಚುರುಕು. ನಿಕಾನ್ 500 ಎಫ್/5.6 ಪಿಎಫ್ (2018) ಫ್ರೆನೆಲ್ ಗಾಜಿನ ಬಲದಿಂದ 1.46 ಕೆ.ಜಿ.ಗೆ ಇಳಿದಿದೆ. 600 ಎಫ್/4 ಲೆನ್ಸುಗಳು 3 ಕೆ.ಜಿ. ಆಸುಪಾಸು. ಟ್ರೈಪಾಡಿನ ಗಿಂಬಲ್ ಹೆಡ್ (ಭಾರದ ಲೆನ್ಸನ್ನು ಸಮತೂಕದಲ್ಲಿ ಹಿಡಿದು ತಿರುಗಲು ಬಿಡುವ ತಲೆ) ಮೇಲೆ ಚೆನ್ನ, ಆದರೆ ನೆತ್ತಿಯ ಮೇಲೆ ಹಾದುಹೋಗುವ ಹಕ್ಕಿಗೆ ಅಲ್ಲ. ತೂಕದ ಪಟ್ಟಿ ನೋಡುವಾಗ ಕ್ಯಾಮೆರಾದ್ದೂ ಕೂಡಿಸಿಕೊಳ್ಳಿ.

ಫೋಕಸ್ ಲಿಮಿಟರ್

ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಪುಟ್ಟ ಸ್ವಿಚ್ ಇದು. ಲೆನ್ಸ್ ಕೊಳ್ಳುವ ಮೊದಲೇ ಅದರ ಮೈಮೇಲೆ ಇದೆಯೇ ಅಂತ ಹುಡುಕಿ. ಮೇಲೆ ಹೇಳಿದ ಕ್ಯಾನನ್ 400ರಲ್ಲಿ ಎರಡು ಗುರುತುಗಳಿವೆ: 3.5 ಮೀಟರಿನಿಂದ ಅನಂತ, 8.5 ಮೀಟರಿನಿಂದ ಅನಂತ. ಹಕ್ಕಿ ತಪ್ಪಿ ಹೋದಾಗ ಆಟೋಫೋಕಸ್ ಹತ್ತಿರದ ತುದಿಯವರೆಗೂ ಹುಡುಕಿಕೊಂಡು ಬಂದು ವಾಪಸ್ ಹೋಗುತ್ತದೆ. 8.5ಕ್ಕೆ ಇಟ್ಟರೆ ಆ ಹತ್ತಿರದ ಭಾಗ ಬಿಟ್ಟೇ ಹೋಗುತ್ತದೆ, ಬೇಗ ಮರಳುತ್ತದೆ. ಇನ್ನೂ ಒಂದು: ಫೋಕಸ್ ತೀರಾ ದೂರ ಸರಿದಿದ್ದರೆ 600ರಲ್ಲಿ ಹಕ್ಕಿ ಮಸುಕಾಗಿಯೂ ಕಾಣುವುದಿಲ್ಲ, ಬರೀ ಖಾಲಿ ಆಕಾಶ. ಅದಕ್ಕೇ ಹಕ್ಕಿ ಬರಬಹುದಾದ ದೂರದಲ್ಲಿರುವ ಮರಕ್ಕೋ ಕಂಬಕ್ಕೋ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳುವುದು.

ಉಳಿದವು, ಚಿಕ್ಕದಾಗಿ

ಅಪರ್ಚರ್: ಎಫ್/5.6 ಮತ್ತು ಎಫ್/6.3 ನಡುವೆ ಸ್ಟಾಪಿನ ಮೂರರಲ್ಲೊಂದು ಪಾಲು ಮಾತ್ರ. ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಫುಲ್ ಫ್ರೇಮಿನಲ್ಲಿ 600 ಎಫ್/6.3, 30 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ 95 ಸೆಂ.ಮೀ. ಹತ್ತಿರ, ಎಫ್/4ರಲ್ಲಿ 60. ಎರಡೂ ರೆಕ್ಕೆ ಸ್ಪಷ್ಟ ಬೇಕಾದರೆ ಆ ಹೆಚ್ಚಿನ ಆಳ ಉಪಯೋಗಕ್ಕೇ ಬರುತ್ತದೆ.

ಸ್ಟೆಬಿಲೈಸೇಶನ್: ಅದು ನಮ್ಮ ಕೈ ನಡುಕವನ್ನು ತಡೆಯುತ್ತದೆ, ಹಕ್ಕಿಯ ರೆಕ್ಕೆಯನ್ನಲ್ಲ. ಸೆಕೆಂಡಿನ 2,000ನೇ ಒಂದು ಭಾಗ, 3,200ನೇ ಒಂದು ಭಾಗದ ಶಟರಿನಲ್ಲಿ ಚಿತ್ರಕ್ಕೆ ಅದರಿಂದ ಸಿಗುವುದು ಕಡಿಮೆ. ವ್ಯೂಫೈಂಡರ್ ಸ್ಥಿರವಾಗಿ ಕಾಣುವುದೇ ಲಾಭ. ಪ್ಯಾನಿಂಗ್‌ಗೆ ಬೇರೆ ಮೋಡ್ ಇದ್ದರೆ ಅದಕ್ಕೆ ಹಾಕಿ.

ಟೆಲಿಕನ್ವರ್ಟರ್: ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕಿ ಫೋಕಲ್ ಲೆಂತ್ ಹೆಚ್ಚಿಸುವ ತುಂಡು. 1.4 ಪಟ್ಟಿನದು ಒಂದು ಸ್ಟಾಪ್ ತಿನ್ನುತ್ತದೆ, 2 ಪಟ್ಟಿನದು ಎರಡು. ಫ್ರೇಮೂ ಅಷ್ಟೇ ಕಿರಿದಾಗುತ್ತದೆ. ಕೂತ ಹಕ್ಕಿಗೆ ಇಟ್ಟುಕೊಳ್ಳಿ, ಹಾರುವಾಗ ಬಿಚ್ಚಿಡಿ.

ಹೊಸ ಲೆನ್ಸಿಗೆ ಕೈ ಹಾಕುವ ಮೊದಲು, ಈಗಿರುವ ಝೂಮಿನಲ್ಲಿ ತೆಗೆದ ಹಾರುವ ಹಕ್ಕಿಗಳ ಫೈಲುಗಳನ್ನು, ಕೆಟ್ಟವೆಂದು ಬಿಟ್ಟದ್ದೂ ಸೇರಿಸಿ, ತೆರೆದು ನೋಡಿ. ಪ್ರತಿ ಫೈಲಿನಲ್ಲೂ ಫೋಕಲ್ ಲೆಂತ್ ಬರೆದಿರುತ್ತದೆ. ರೆಕ್ಕೆ ತುದಿ ಕತ್ತರಿಸಿ ಹೋದವು, ಹಕ್ಕಿ ಮೂಲೆಗೆ ಸರಿದವು, ಬರೀ ಆಕಾಶ ಸಿಕ್ಕವು ಯಾವ ಸಂಖ್ಯೆಯಿಂದ ಜಾಸ್ತಿಯಾಗುತ್ತವೆ ಅಂತ ಗುರುತು ಹಾಕಿ. ಹಕ್ಕಿ ನಡುವಲ್ಲೇ ಇದ್ದು, ಕತ್ತರಿಸಿದಾಗ ರೆಕ್ಕೆಯಗಲಕ್ಕೆ 1,000 ಪಿಕ್ಸೆಲ್ಲೂ ಉಳಿಯದ ಚಿತ್ರಗಳೇ ಜಾಸ್ತಿ ಇದ್ದರೆ ಮಾತ್ರ ನಿಮಗೆ ಇನ್ನೂ ಉದ್ದದ ಲೆನ್ಸ್ ಬೇಕು.